‘ಸೇದ್ತೀರಾ?’ ಎಂದು ಕೇಳಿದ ಮೇಲೆ ಏನು?

ಮಾನ್ಯ ಸಂಪಾದಕರೇ,

ಆಸ್ಪತ್ರೆಗೆ ದಾಖಲಾಗುವವರನ್ನು ‘ಬೀಡಿ, ಸಿಗರೇಟು ಸೇದುವ ಅಭ್ಯಾಸ ಇದೆಯಾ?’ ಎಂದು ಕೇಳುತ್ತಾರೆ. ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಸಕ್ಕರೆ ಕಾಯಿಲೆ ಇದೆ ಎಂದು ಬರೆದುಕೊಂಡು ಯಾರೂ ಸುಮ್ಮನಿರುವುದಿಲ್ಲ. ರಕ್ತ ಪರೀಕ್ಷೆ, ಮಾತ್ರೆ, ಪಥ್ಯ, ಮತ್ತೆ ಯಾವತ್ತು ಬರಬೇಕು ಎಂಬುದೆಲ್ಲ ಅದರ ಬೆನ್ನಿಗೇ ಬರುತ್ತದೆ. ಹೃದಯಾಘಾತಕ್ಕೂ ಶ್ವಾಸಕೋಶದ ಕಾಯಿಲೆಗೂ ಮೂಲವಾದ ತಂಬಾಕಿನ ಚಟ ಮಾತ್ರ ‘ಹೌದು’ ಎಂಬ ಒಂದು ಪದದಲ್ಲೇ ನಿಂತುಬಿಡುತ್ತದೆ. ಇದಕ್ಕೆ ಸಿಬ್ಬಂದಿಯ ಉದಾಸೀನವೇ ಕಾರಣ ಎಂದು ನಾವು ಹೇಳುತ್ತಿಲ್ಲ. ‘ಹೌದು’ ಎಂದವರ ಹತ್ತಿರ ಮುಂದೆ ಏನು ಮಾತಾಡಬೇಕು, ಯಾವ ಔಷಧಿ ಕೊಡಿಸಬೇಕು, ಮನೆಗೆ ಹೋದ ಮೇಲೆ ಹೇಗೆ ವಿಚಾರಿಸಬೇಕು ಎಂಬುದನ್ನು ಅವರಿಗೆ ಸರಿಯಾಗಿ ಕಲಿಸಿಕೊಟ್ಟಿಲ್ಲ. ಈ ಪತ್ರ ಆ ಕಲಿಕೆಯ ಬಗ್ಗೆ.

ತರಬೇತಿಯೇ ನಡೆಯುವುದಿಲ್ಲ ಎಂದಲ್ಲ. ಮೇ 31, ವಿಶ್ವ ತಂಬಾಕು ರಹಿತ ದಿನ ಬಂದಾಗ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ, ಹೊಗೆಯಲ್ಲಿ ಏನೇನು ವಿಷ ಇದೆ ಎಂದು ಒಂದು ಗಂಟೆ ಉಪನ್ಯಾಸ ಮಾಡುವುದು ರೂಢಿ. ಸೇದಿದರೆ ಕೆಡುಕು ಎಂಬುದು ನರ್ಸ್‌ಗಳಿಗೆ ಗೊತ್ತಿರದ ವಿಷಯವಲ್ಲ. ಸೇದುವವರಿಗೂ ಗೊತ್ತು. ಗೊತ್ತಿರುವುದನ್ನೇ ಮತ್ತೊಮ್ಮೆ ಹೇಳಿ ಕಳಿಸಿದರೆ ವಾರ್ಡಿನಲ್ಲಿ ಮರುದಿನ ಏನೂ ಬದಲಾಗುವುದಿಲ್ಲ. ರಕ್ತನಾಳಕ್ಕೆ ಸೂಜಿ ಹಾಕುವುದನ್ನು ಯಾರಾದರೂ ಉಪನ್ಯಾಸ ಕೇಳಿ ಕಲಿತದ್ದುಂಟೇ? ಕೈಯಲ್ಲಿ ಹಿಡಿದು, ತಪ್ಪಿ, ಪಕ್ಕದಲ್ಲಿ ನಿಂತವರಿಂದ ತಿದ್ದಿಸಿಕೊಂಡೇ ಕಲಿಯುತ್ತಾರೆ. ಮಾತೂ ಹಾಗೆಯೇ. ಬಾಯಿಂದ ಆಡಿಸಿ ಕಲಿಸಬೇಕು.

ಇಷ್ಟು ಸಣ್ಣ ಮಾತಿನಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಹಳೆಯ ಲೆಕ್ಕ ಹೇಳಬೇಕು. 1979ರಲ್ಲಿ ಬ್ರಿಟನ್ನಿನ ಮೈಕೆಲ್ ರಸೆಲ್ ಮತ್ತು ಸಂಗಡಿಗರು ಕುಟುಂಬ ವೈದ್ಯರ ಬಳಿ ಬರುವ ಧೂಮಪಾನಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಒಂದೆರಡು ನಿಮಿಷದ ಸಲಹೆ, ಕೈಗೊಂದು ಕರಪತ್ರ, ‘ಮತ್ತೆ ವಿಚಾರಿಸುತ್ತೇವೆ’ ಎಂಬ ಒಂದು ಮಾತು: ಇಷ್ಟನ್ನು ಪಡೆದವರಲ್ಲಿ ಶೇ 5.1 ಮಂದಿ ಒಂದು ವರ್ಷದ ನಂತರವೂ ಬಿಟ್ಟೇ ಇದ್ದರು. ಯಾರೂ ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ ಆ ಪ್ರಮಾಣ ಶೇ 0.3. ನೂರಕ್ಕೆ ಐದು ಜನ ಎಂದರೆ ಕಡಿಮೆ ಅನ್ನಿಸಬಹುದು. ಒಂದು ಆಸ್ಪತ್ರೆಯ ಬಾಗಿಲಿನಿಂದ ವರ್ಷಕ್ಕೆ ಎಷ್ಟು ಧೂಮಪಾನಿಗಳು ಒಳಗೆ ಬರುತ್ತಾರೆ ಎಂದು ಲೆಕ್ಕ ಹಾಕಿದರೆ ಹಾಗನ್ನಿಸುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿಯಲ್ಲಿ, ಯಾವ ಆರೋಗ್ಯ ಕೇಂದ್ರಕ್ಕೆ ಬಂದರೂ ತಂಬಾಕು ಬಳಸುವ ಪ್ರತಿಯೊಬ್ಬರಿಗೂ 30 ಸೆಕೆಂಡಿನಿಂದ 3 ನಿಮಿಷದವರೆಗಿನ ಸಲಹೆಯನ್ನು ದಿನನಿತ್ಯದ ಕೆಲಸವಾಗಿಯೇ ಕೊಡಬೇಕು ಎಂದಿದೆ. ಮೂರು ನಿಮಿಷಕ್ಕಿಂತ ಹೆಚ್ಚನ್ನು ವಾರ್ಡಿನ ನರ್ಸ್‌ನಿಂದ ನಾವೂ ಕೇಳುತ್ತಿಲ್ಲ.

ಮೊದಲ ತಪ್ಪು ಪ್ರಶ್ನೆಯಲ್ಲೇ ಆಗುತ್ತದೆ. ‘ನೀವು ಧೂಮಪಾನಿಯೇ?’ ಎಂದರೆ ನಿನ್ನೆ ಎದೆನೋವಿನಿಂದ ದಾಖಲಾದವರು ‘ಇಲ್ಲ’ ಎನ್ನುತ್ತಾರೆ. ಅದು ಸುಳ್ಳಲ್ಲ. ನಿನ್ನೆಯಿಂದ ಅವರು ಸೇದಿಲ್ಲ, ಇನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದಾರೆ. ಕೇಸ್ ಶೀಟಿನಲ್ಲಿ ‘ಇಲ್ಲ’ ಎಂದು ದಾಖಲಾಗುತ್ತದೆ, ಅಲ್ಲಿಗೆ ಅವರಿಗೆ ಸಿಗಬೇಕಾದ ಎಲ್ಲ ನೆರವೂ ಕೈತಪ್ಪುತ್ತದೆ. ‘ಕಳೆದ 30 ದಿನಗಳಲ್ಲಿ ಒಂದಾದರೂ ಸೇದಿದ್ದೀರಾ? ಬೇರೆ ಯಾವುದಾದರೂ ರೂಪದಲ್ಲಿ ತಂಬಾಕು ಹಾಕುತ್ತೀರಾ?’ ಎಂದು ಕೇಳಬೇಕು. ಮನೆಯವರು ಸುತ್ತ ನಿಂತಿರುವಾಗ ಕೇಳಬಾರದು. ಹೆಂಡತಿ, ಮಕ್ಕಳ ಎದುರಿಗೆ ನಿಜ ಹೇಳಲು ಹಿಂಜರಿಯುವವರು ಬಹಳ. ಹೇಳಿದರೂ ಮನೆಯವರೇ ಬಯ್ಯಲು ಶುರು ಮಾಡಿ, ಮಾತು ಅಲ್ಲಿಗೇ ಹಳಿ ತಪ್ಪುತ್ತದೆ.

ಸರಿಯಾಗಿ ನಡೆದ ಮಾತು ಹೇಗಿರುತ್ತದೆ ಎಂದು ತೋರಿಸಲು, ತರಬೇತಿಯಲ್ಲಿ ಆಡಿಸುವ ಒಂದು ಮಾದರಿ ಸಂಭಾಷಣೆಯನ್ನು ಇಲ್ಲಿ ಕೊಡುತ್ತೇವೆ. ರೋಗಿ ಹೃದಯಾಘಾತವಾಗಿ ದಾಖಲಾಗಿ ಎರಡು ದಿನ ಕಳೆದಿದೆ.

‘ಯಜಮಾನ್ರೇ, ಕಳೆದ ಒಂದು ತಿಂಗಳಲ್ಲಿ ಸಿಗರೇಟು ಸೇದಿದ್ರಾ?’

‘ಇಲ್ಲಿಗೆ ಬಂದ ಮೇಲೆ ಮುಟ್ಟಿಲ್ಲ ಸಿಸ್ಟರ್.’

‘ಒಳ್ಳೇದಾಯ್ತು. ಬರೋದಕ್ಕೆ ಮುಂಚೆ?’

‘ದಿನಕ್ಕೆ ಇಪ್ಪತ್ತು ಆಗ್ತಿತ್ತು.’

‘ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?’

‘ಎದ್ದ ಕೂಡ್ಲೇ. ಅದಿಲ್ದೆ ಕಣ್ಣೇ ಬಿಡ್ತಿರಲಿಲ್ಲ.’

‘ಈಗ ಎರಡು ದಿನದಿಂದ ಇಲ್ಲ. ಹೇಗಿದೀರಿ?’

‘ಏನು ಹೇಳ್ಲಿ, ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಸುಮ್‌ಸುಮ್ನೆ ಹೆಂಡ್ತಿ ಮೇಲೆ ರೇಗಿಬಿಟ್ಟೆ.’

‘ಅದು ನಿಮ್ಮ ಸ್ವಭಾವ ಅಲ್ಲ. ಮೈಯಿಂದ ನಿಕೋಟಿನ್ ಇಳೀತಿದೆ, ಅದಕ್ಕೇ ಹಾಗೆ. ಅದಕ್ಕೆ ಔಷಧಿ ಇದೆ, ಡಾಕ್ಟರಿಗೆ ಹೇಳಿ ಇವತ್ತೇ ಬರೆಸ್ತೀನಿ. ನಿಮ್ಮ ಹೃದಯಕ್ಕೆ ನೀವು ಮಾಡಿಕೊಳ್ಳಬಹುದಾದ ಅತಿ ದೊಡ್ಡ ಉಪಕಾರ ಸಿಗರೇಟು ಬಿಡೋದು. ಎರಡು ದಿನ ಆಗ್ಲೇ ದಾಟಿದೀರಿ. ಮನೆಗೆ ಹೋದ್ಮೇಲೂ ಹೀಗೇ ಇರೋಕೆ ನಾವು ಸಹಾಯ ಮಾಡ್ತೀವಿ, ಮೂರನೇ ದಿನ ನಾವೇ ಫೋನ್ ಮಾಡ್ತೀವಿ. ಆಗಬಹುದಾ?’

ಇದಕ್ಕೆ ಎರಡು ನಿಮಿಷ ಸಾಕು. ಕೇಳು, ಸಲಹೆ ಕೊಡು, ಮನಸ್ಸು ತಿಳಿ, ನೆರವಾಗು, ಮುಂದಿನ ಭೇಟಿ ಗೊತ್ತುಮಾಡು ಎಂಬ ಐದು ಹೆಜ್ಜೆಗಳನ್ನು ಪುಸ್ತಕಗಳು ಹೇಳುತ್ತವೆ. ಐದೂ ಇದರೊಳಗೇ ಇವೆ, ಯಾವುದೂ ಪಾಠದ ಹಾಗೆ ಕಾಣುವುದಿಲ್ಲ. ಕ್ಯಾನ್ಸರ್ ಎಂಬ ಪದ ಬಂದಿಲ್ಲ, ಹೆದರಿಸಿಲ್ಲ. ಸಲಹೆಯನ್ನು ಅವರ ಈಗಿನ ಕಾಯಿಲೆಗೇ ಜೋಡಿಸಿದೆ. ಹೃದಯಾಘಾತವಾದ ಮೇಲೆ ಬಿಟ್ಟವರಲ್ಲಿ, ಸೇದುತ್ತಲೇ ಇರುವವರಿಗಿಂತ ಸಾವಿನ ಅಪಾಯ ಸುಮಾರು ಮೂರನೇ ಒಂದು ಪಾಲು ಕಡಿಮೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಸಿಕ್ಕ ಫಲ. ಹೀಗಾಗಿ ನರ್ಸ್ ಆಡಿದ್ದು ಸಮಾಧಾನದ ಮಾತಲ್ಲ, ವೈದ್ಯಕೀಯ ಸತ್ಯ. ಇನ್ನೂ ಒಂದು ಸೂಕ್ಷ್ಮ ಇದೆ. ‘ಬಿಡೋಕೆ ಇಷ್ಟ ಇದೆಯಾ?’ ಎಂದು ನರ್ಸ್ ಮೊದಲೇ ಕೇಳಲಿಲ್ಲ. ಹಾಗೆ ಕೇಳಿ, ‘ಇಲ್ಲ’ ಎಂದವರನ್ನು ಬಿಟ್ಟುಬಿಡುವುದು ಹಳೆಯ ಕ್ರಮ. ಬಿ.ಪಿ. ಇರುವವರಿಗೆ ಮಾತ್ರೆ ಬೇಕೇ ಎಂದು ಮೊದಲು ಇಷ್ಟ ಕೇಳುವುದಿಲ್ಲ. ಕೊಡುತ್ತೇವೆ, ಬೇಡವೆನ್ನುವ ಹಕ್ಕು ಅವರಿಗೆ ಇದ್ದೇ ಇರುತ್ತದೆ. ತಂಬಾಕಿಗೂ ನೆರವನ್ನು ಹಾಗೇ ಮುಂದಿಡಬೇಕು. 2002ರಲ್ಲಿ ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ಹೃದಯ ಸಂಸ್ಥೆಯಲ್ಲಿ ಶುರುವಾಗಿ ಬಹಳ ಆಸ್ಪತ್ರೆಗಳಿಗೆ ಹರಡಿದ ಮಾದರಿಯ ಬಲ ಇರುವುದೇ ಇಲ್ಲಿ: ದಾಖಲಾದ ಪ್ರತಿ ರೋಗಿಯನ್ನೂ ಕೇಳಬೇಕು, ಸೇದುವ ಪ್ರತಿಯೊಬ್ಬರಿಗೂ ಹಾಸಿಗೆಯ ಬಳಿಯೇ ನೆರವು ಸಿಗಬೇಕು, ಮನೆಗೆ ಹೋದ ಮೇಲೂ ಅದು ಮುಂದುವರಿಯಬೇಕು.

ಎಷ್ಟು, ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಸುಮ್ಮನೆ ಕೇಳಿದ್ದಲ್ಲ. ಚಟದ ತೀವ್ರತೆ ಅಳೆಯಲು ಫಾಗರ್‌ಸ್ಟ್ರಾಮ್ ಎಂಬವರ ಹೆಸರಿನ ಆರು ಪ್ರಶ್ನೆಗಳ ಪರೀಕ್ಷೆ ಇದೆ. ವಾರ್ಡಿನ ಗಡಿಬಿಡಿಯಲ್ಲಿ ಅದರ ಎರಡೇ ಪ್ರಶ್ನೆ ಸಾಕು. ಎದ್ದ 5 ನಿಮಿಷದೊಳಗೆ ಮೊದಲ ಸಿಗರೇಟಾದರೆ 3 ಅಂಕ, 6ರಿಂದ 30 ನಿಮಿಷಕ್ಕೆ 2, 31ರಿಂದ 60ಕ್ಕೆ 1, ಅದಕ್ಕೂ ತಡವಾದರೆ ಸೊನ್ನೆ. ದಿನಕ್ಕೆ 10ರವರೆಗೆ ಸೊನ್ನೆ, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೂ ಮೇಲೆ 3. ಒಟ್ಟು 5 ಅಥವಾ 6 ಬಂದರೆ ಚಟ ತೀವ್ರ. ಮೇಲಿನ ಯಜಮಾನರಿಗೆ 4 ಬರುತ್ತದೆ. ಎರಡರಲ್ಲಿ ಹೆಚ್ಚು ಹೇಳುವ ಪ್ರಶ್ನೆ ಮೊದಲ ಸಿಗರೇಟಿನ ಹೊತ್ತಿನದು. ರಾತ್ರಿಯಿಡೀ ನಿಕೋಟಿನ್ ಇಲ್ಲದ ಮೈ ಎದ್ದ ಕೂಡಲೇ ಅದನ್ನು ಬೇಡುತ್ತದೆ ಎಂದರೆ, ದಿನಕ್ಕೆ ಎಂಟೇ ಸೇದುವವರಾದರೂ ಔಷಧಿಯಿಲ್ಲದೆ ಬಿಡುವುದು ಕಷ್ಟ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧದಷ್ಟು ಇಳಿಯುತ್ತದೆ. ಆದ್ದರಿಂದ ದಾಖಲಾದ ಕೆಲವೇ ಗಂಟೆಗಳಲ್ಲಿ ಚಡಪಡಿಕೆ, ಸಿಡುಕು, ಮಂಕು, ನಿದ್ದೆಗೇಡು ಶುರು. ಅದು ಏರುವುದು ಎರಡು ಮೂರನೇ ದಿನಕ್ಕೆ, ತಗ್ಗಲು ಎರಡರಿಂದ ನಾಲ್ಕು ವಾರ ಬೇಕು. ವಾರ್ಡಿನಲ್ಲಿ ‘ತಕರಾರಿನ ರೋಗಿ’ ಎನಿಸಿಕೊಂಡವರ, ‘ನನ್ನನ್ನು ಮನೆಗೆ ಕಳಿಸಿ’ ಎಂದು ಹಟ ಹಿಡಿದವರ ಕೇಸ್ ಶೀಟನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ಈ ‘ಹೌದು’ ಇದ್ದು, ನಿಕೋಟಿನ್ ಔಷಧಿ ಇಲ್ಲದಿದ್ದರೆ ತಕರಾರಿನ ಕಾರಣ ಅಲ್ಲೇ ಇರಬಹುದು.

ಔಷಧಿಯ ವಿಷಯಕ್ಕೆ ತರಬೇತಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕು. ಬರೆಯುವುದು ವೈದ್ಯರಾದರೂ ಬಳಸುವುದನ್ನು ಕಲಿಸುವವರು ನರ್ಸ್ ಮತ್ತು ಔಷಧಾಲಯದ ಸಿಬ್ಬಂದಿ. ಸೋಲು ಹೆಚ್ಚಾಗಿ ಆಗುವುದು ಬಳಕೆಯಲ್ಲಿ. ಚಟ ಹಿಡಿಸುವ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ತುಡಿತ ತಗ್ಗಿಸುವ ನಿಕೋಟಿನ್ ಗಮ್ಮನ್ನೇ ನೋಡಿ. ‘ಇದನ್ನು ಜಗಿಯಿರಿ’ ಎಂದಷ್ಟೇ ಹೇಳಿ ಕೊಟ್ಟರೆ ರೋಗಿ ಸಾಮಾನ್ಯ ಚ್ಯೂಯಿಂಗ್ ಗಮ್ಮಿನಂತೆ ಬಿಡದೆ ಜಗಿಯುತ್ತಾರೆ. ನಿಕೋಟಿನ್ ಎಲ್ಲ ಉಗುಳಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ಹೀರಿಕೊಂಡದ್ದರ ಬಹುಪಾಲನ್ನು ಯಕೃತ್ತು ಒಡೆದುಹಾಕುತ್ತದೆ, ಮಿದುಳಿಗೆ ತಲುಪುವುದು ಸ್ವಲ್ಪವೇ. ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತದೆ, ತುಡಿತ ಮಾತ್ರ ತಗ್ಗುವುದಿಲ್ಲ. ‘ಗಮ್ಮು ನನಗೆ ಆಗಿಬರಲಿಲ್ಲ’ ಎಂದು ಎರಡನೇ ದಿನ ಬಿಸಾಡುತ್ತಾರೆ. ಸರಿಯಾದ ಕ್ರಮ ಬೇರೆ. ನಾಲಿಗೆಗೆ ಖಾರದಂಥ ಚುರುಕು ತಾಗುವವರೆಗೆ ನಿಧಾನವಾಗಿ ಜಗಿಯಬೇಕು. ತಾಗಿದೊಡನೆ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಕು ಮಾಯವಾದ ಮೇಲೆ ಮತ್ತೆ ಒಂದೆರಡು ಸಲ ಜಗಿದು, ಇನ್ನೊಂದು ಕೆನ್ನೆಗೆ ಇಡಬೇಕು. ಹೀಗೆ ಅರ್ಧ ಗಂಟೆ. ಗಮ್ಮು ಹಾಕುವ 15 ನಿಮಿಷ ಮೊದಲು ಮತ್ತು ಬಾಯಲ್ಲಿ ಇರುವಷ್ಟು ಹೊತ್ತು ಕಾಫಿ, ಹಣ್ಣಿನ ರಸ, ಸೋಡಾ ಕುಡಿಯಬಾರದು. ಬಾಯಿ ಹುಳಿಯಾದರೆ ಒಳಕೆನ್ನೆ ನಿಕೋಟಿನ್ ಹೀರುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದನ್ನು ಸೇದುತ್ತಿದ್ದವರಿಗೆ 4 ಮಿಲಿಗ್ರಾಂನದು, ಉಳಿದವರಿಗೆ 2 ಮಿಲಿಗ್ರಾಂನದು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ 24 ಮೀರಬಾರದು. ತುಡಿತ ಬಂದಾಗ ಮಾತ್ರ ಒಂದು ಹಾಕಿಕೊಂಡು, ದಿನಕ್ಕೆ ಮೂರು ನಾಲ್ಕಕ್ಕೆ ನಿಲ್ಲಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಕಟ್ಟಿಸಿಕೊಂಡ ಹಲ್ಲಿನವರಿಗೆ ಗಮ್ಮು ಅಂಟುತ್ತದೆ, ಅವರಿಗೆ ಬಾಯಲ್ಲಿ ಕರಗುವ ಬಿಲ್ಲೆ ಒಳ್ಳೆಯದು. ತರಬೇತಿಗೆ ಬಂದವರಿಂದ ಸಾಮಾನ್ಯ ಚ್ಯೂಯಿಂಗ್ ಗಮ್ಮಿನಲ್ಲಿ ಇದನ್ನೆಲ್ಲ ಮಾಡಿಸಬೇಕು. ಸೇದದವರ ಬಾಯಿಗೆ ನಿಕೋಟಿನ್ ಗಮ್ಮು ಕೊಡಬಾರದು, ತಲೆ ಸುತ್ತಿ ವಾಂತಿಯಾಗುತ್ತದೆ.

ಚರ್ಮದ ಮೂಲಕ ನಿಕೋಟಿನ್ ಕೊಡುವ ಪಟ್ಟಿ, ಅಂದರೆ ಪ್ಯಾಚ್, ಇದಕ್ಕಿಂತ ಸುಲಭ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ ಸಾಮಾನ್ಯವಾಗಿ 21 ಮಿಲಿಗ್ರಾಂನದು ಆರು ವಾರ, ಆಮೇಲೆ 14ರದು ಎರಡು ವಾರ, 7ರದು ಎರಡು ವಾರ. ಕೂದಲಿಲ್ಲದ, ಒಣಗಿದ, ಗಾಯವಿಲ್ಲದ ಚರ್ಮಕ್ಕೆ ಅಂಟಿಸಿ ಅಂಗೈಯಿಂದ ಹತ್ತು ಸೆಕೆಂಡು ಒತ್ತಬೇಕು. ದಿನವೂ ಜಾಗ ಬದಲಿಸಬೇಕು, ಇಲ್ಲದಿದ್ದರೆ ಚರ್ಮ ಕೆಂಪಾಗಿ ಕೆರೆಯುತ್ತದೆ. ರಾತ್ರಿ ಕೆಟ್ಟ ಕನಸು ಬೀಳುತ್ತಿದ್ದರೆ ಮಲಗುವಾಗ ತೆಗೆಯಲಿ. ಎಂ.ಆರ್.ಐ. ಸ್ಕ್ಯಾನಿಗೆ ಕಳಿಸುವ ಮುನ್ನ ತೆಗೆಯಲೇಬೇಕು. ಕೆಲವು ಪ್ಯಾಚ್‌ಗಳ ಹಿಂಬದಿಯಲ್ಲಿ ಲೋಹದ ಪದರ ಇರುತ್ತದೆ, ಬಿಸಿಯಾಗಿ ಚರ್ಮ ಸುಡುತ್ತದೆ. ಇದು ವಾರ್ಡಿನ ನೆನಪಿನ ಪಟ್ಟಿಯಲ್ಲಿ ಇರಲೇಬೇಕಾದ ಮಾತು. ಪ್ಯಾಚ್ ಒಂದನ್ನೇ ಕೊಡುವುದಕ್ಕಿಂತ ಪ್ಯಾಚ್ ಜೊತೆ ಗಮ್ಮನ್ನೂ ಕೊಟ್ಟರೆ ಗೆಲ್ಲುವವರು ಹೆಚ್ಚು. ದಿನವಿಡೀ ಒಂದು ಮಟ್ಟ ಕಾಯುವುದು ಪ್ಯಾಚಿನ ಕೆಲಸ, ಏಕಾಏಕಿ ಏಳುವ ತುಡಿತಕ್ಕೆ ಗಮ್ಮು. ‘ನಿಕೋಟಿನ್ನೇ ವಿಷ, ಅದನ್ನೇ ಏಕೆ ಕೊಡುತ್ತೀರಿ?’ ಎಂದು ಸಿಬ್ಬಂದಿಯೂ ಕೇಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್. ಕ್ಯಾನ್ಸರ್ ತರುವುದು, ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುವುದು ಹೊಗೆಯ ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಗಮ್ಮು, ಪ್ಯಾಚ್‌ನಂಥ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಹೃದಯಾಘಾತವಾದ ಮೊದಲ ದಿನಗಳಲ್ಲಿ ಕೊಡಬೇಕೇ, ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಲಿ. ‘ಹೃದಯ ರೋಗಿಗೆ ನಿಕೋಟಿನ್ನೇ ಬೇಡ’ ಎಂದು ಸಾರಾಸಗಟಾಗಿ ತಳ್ಳಿಹಾಕಿದರೆ ಆತ ಮೆಟ್ಟಿಲ ಕೆಳಗೆ ನಿಂತು ಹೊಗೆಯ ಜೊತೆಗೇ ನಿಕೋಟಿನ್ ತೆಗೆದುಕೊಳ್ಳುತ್ತಾನೆ. ಪ್ಯಾಚ್ ಹಾಕಿಕೊಂಡೂ ಕದ್ದು ಸೇದಲು ಹೋದವರಿಗೆ ಬಯ್ಯಬೇಡಿ. ಔಷಧಿಯ ಪ್ರಮಾಣ ಸಾಲದು ಎಂದು ಅದರರ್ಥ, ವೈದ್ಯರಿಗೆ ತಿಳಿಸಿ.

2021ರಲ್ಲಿ ಅದೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿದ, ನಿಕೋಟಿನ್ ಇಲ್ಲದೆಯೇ ತುಡಿತ ತಗ್ಗಿಸುವ ವಾರೆನಿಕ್ಲಿನ್ ಮತ್ತು ಬುಪ್ರೊಪಿಯಾನ್ ಮಾತ್ರೆಗಳೂ ಇವೆ. ವಾರೆನಿಕ್ಲಿನನ್ನು ಮೊದಲ ಮೂರು ದಿನ 0.5 ಮಿಲಿಗ್ರಾಂ ದಿನಕ್ಕೊಂದು, ನಾಲ್ಕರಿಂದ ಏಳನೇ ದಿನದವರೆಗೆ ಎರಡು ಹೊತ್ತು, ಆಮೇಲೆ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು 12 ವಾರ ಕೊಡುವುದು ವಾಡಿಕೆ. ಮೂತ್ರಪಿಂಡ ಬಹಳ ದುರ್ಬಲವಾದವರಿಗೆ ಕಡಿಮೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಊಟವಾದ ಮೇಲೆ ಲೋಟ ತುಂಬ ನೀರಿನ ಜೊತೆ ತೆಗೆದುಕೊಳ್ಳಿ ಎಂಬ ಒಂದು ಮಾತು ಹೇಳದೆ ಹೋದದ್ದರಿಂದಲೇ ಮಾತ್ರೆ ನಿಲ್ಲಿಸುವವರಿದ್ದಾರೆ. ಅಪಸ್ಮಾರ ಇರುವವರಿಗೆ ಬುಪ್ರೊಪಿಯಾನ್ ಕೂಡದು. ಈ ಮಾತ್ರೆಗಳಿಂದ ಮನಸ್ಸು ಕೆಡುತ್ತದೆ ಎಂಬ ಭಯ ಬಹಳ ವರ್ಷ ಇತ್ತು. 8,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಪ್ಯಾಚ್ ಅಥವಾ ಔಷಧಿಯೇ ಇಲ್ಲದ ಹುಸಿಮಾತ್ರೆ ಪಡೆದವರಿಗಿಂತ ಇವನ್ನು ಪಡೆದವರಲ್ಲಿ ಅಂಥ ತೊಂದರೆ ಗಮನಾರ್ಹವಾಗಿ ಹೆಚ್ಚಿಗೆ ಕಾಣಲಿಲ್ಲ.

ಯಾವ ಉಪನ್ಯಾಸದಲ್ಲೂ ಬಾರದ, ಆದರೆ ಆಸ್ಪತ್ರೆಯಲ್ಲಿ ಜೀವಕ್ಕೇ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹೊಗೆಯ ಟಾರಿನಲ್ಲಿರುವ ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಲವು ಔಷಧಿಗಳನ್ನು ಬೇಗ ಬೇಗ ಒಡೆಯುವಂತೆ ಮಾಡುತ್ತವೆ. ಸೇದುವವರಿಗೆ ಆ ಔಷಧಿಗಳ ಪ್ರಮಾಣವೂ ಅದಕ್ಕೆ ತಕ್ಕಂತೆ ಜಾಸ್ತಿ ಇರುತ್ತದೆ. ಅವರು ಏಕಾಏಕಿ ಸೇದುವುದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಕಿಣ್ವ ಮಂದವಾಗಿ, ಅದೇ ಮಾತ್ರೆ ರಕ್ತದಲ್ಲಿ ಏರತೊಡಗುತ್ತದೆ. ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳಲ್ಲಿ ಮುಖ್ಯ. ಕ್ಲೋಜಪಿನ್ ಏರಿದರೆ ವಿಪರೀತ ಮಂಪರು, ಫಿಟ್ಸ್ ಬರಬಹುದು. ಥಿಯೋಫಿಲಿನ್ ಏರಿದರೆ ವಾಂತಿ, ಎದೆಬಡಿತದ ಏರುಪೇರು. ಇದಕ್ಕೆ ಕಾರಣ ನಿಕೋಟಿನ್ ಅಲ್ಲ, ಹೊಗೆ. ಹಾಗಾಗಿ ಪ್ಯಾಚ್ ಹಾಕಿದ್ದರಿಂದ ಈ ಅಪಾಯ ತಪ್ಪುವುದಿಲ್ಲ. ಕಾಫಿಯ ಕೆಫೀನೂ ಇದೇ ದಾರಿಯದು. ಬಿಟ್ಟ ಮೇಲೂ ಅಷ್ಟೇ ಕಾಫಿ ಕುಡಿದರೆ ಕೈ ನಡುಕ, ನಿದ್ದೆಗೇಡು ಬಂದು, ಅದನ್ನು ಸಿಗರೇಟು ಬಿಟ್ಟ ತೊಂದರೆ ಎಂದೇ ರೋಗಿ ತಿಳಿಯುತ್ತಾರೆ. ಕಾಫಿ ಅರ್ಧಕ್ಕೆ ಇಳಿಸಿ ಎಂದರೆ ಎಷ್ಟೋ ಹಗುರ. ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆಯನ್ನೂ ಹೆಚ್ಚು ಸಲ ನೋಡಬೇಕು, ಬಿಟ್ಟ ಮೇಲೆ ಬೇಕಾಗುವ ಪ್ರಮಾಣ ಇಳಿಯಬಹುದು. ಆದ್ದರಿಂದ ತರಬೇತಿಗೆ ಔಷಧಾಲಯದವರನ್ನು ಕರೆಯದಿದ್ದರೆ ಅದು ಅರ್ಧ ತರಬೇತಿ.

‘ಬೇಡ, ನಾನು ಬಿಡುವುದಿಲ್ಲ’ ಎನ್ನುವವರ ಹತ್ತಿರ ವಾದಕ್ಕೆ ಇಳಿಯದಿರುವುದು ಕಲಿಯಲು ಕಷ್ಟವಾದ ವಿದ್ಯೆ. ನಾವು ಬಿಡಲು ಕಾರಣ ಕೊಟ್ಟಷ್ಟೂ ಅವರು ಬಿಡದಿರಲು ಕಾರಣ ಹುಡುಕುತ್ತಾರೆ. ಹುಡುಕಿದ್ದನ್ನು ಬಾಯಿಬಿಟ್ಟು ಹೇಳುತ್ತ ಹೇಳುತ್ತ ತಾವೇ ನಂಬತೊಡಗುತ್ತಾರೆ. ಇದಕ್ಕೆ ಮಿಲ್ಲರ್ ಮತ್ತು ರೋಲ್ನಿಕ್ ಎಂಬ ಮನೋವಿಜ್ಞಾನಿಗಳು ರೂಪಿಸಿದ, ಬದಲಾಗಲು ಕಾರಣವನ್ನು ವ್ಯಕ್ತಿಯ ಬಾಯಿಂದಲೇ ಹೊರಡಿಸುವ ಸಂದರ್ಶನ ಕ್ರಮದಿಂದ ಬಂದ ಒಂದು ಸರಳ ಉಪಾಯ ಇದೆ. ‘ಬಿಡುವುದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ?’ ಎಂದು ಕೇಳಿ. ಅವರು ‘ನಾಲ್ಕು’ ಎಂದರೆ, ‘ಎಂಟು ಯಾಕಲ್ಲ?’ ಎಂದು ಬಾಯಿ ತಪ್ಪಿಯೂ ಕೇಳಬಾರದು. ಕೇಳಿದರೆ ಬಿಡದಿರಲು ಇರುವ ಕಾರಣಗಳು ಬರುತ್ತವೆ. ‘ಒಂದೋ ಎರಡೋ ಅನ್ನದೆ ನಾಲ್ಕು ಅಂದ್ರಲ್ಲ, ಯಾಕೆ?’ ಎಂದು ಕೇಳಬೇಕು. ಆಗ ‘ಮೊಮ್ಮಗು ಹತ್ತಿರ ಬರಲ್ಲ, ವಾಸನೆ ಅಂತಾಳೆ’ ಎಂಬ ಮಾತು ಅವರ ಬಾಯಿಂದಲೇ ಹೊರಡುತ್ತದೆ. ಅದನ್ನೇ ಹಿಡಿದು ಮೆಲ್ಲನೆ ತಿರುಗಿ ಹೇಳಿ: ‘ಮೊಮ್ಮಗು ಹತ್ತಿರ ಬರಬೇಕು ಅನ್ನೋ ಆಸೆ ಇದೆ.’ ಅಲ್ಲಿಗೆ ನಿಲ್ಲಿಸಿ. ಆ ಹೊತ್ತಿನ ಮೌನವನ್ನು ತುಂಬಲು ಹೋಗಬೇಡಿ. ತರಬೇತಿಗೆ ಬಂದವರೆಲ್ಲ ಎಡವುವುದು ಈ ಮೌನದಲ್ಲೇ. ಐದು ಸೆಕೆಂಡು ಸುಮ್ಮನಿರಲು ಆಗದೆ ಒಂದು ಉಪದೇಶ ಸೇರಿಸಿಬಿಡುತ್ತಾರೆ.

‘ಈ ವಯಸ್ಸಿನಲ್ಲಿ ಬಿಟ್ಟು ಏನು?’ ಎಂಬ ಮಾತಿಗೆ ಸಿಬ್ಬಂದಿಯ ಬಾಯಲ್ಲಿ ಉತ್ತರ ಸಿದ್ಧ ಇರಬೇಕು. ಬ್ರಿಟಿಷ್ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನ 60ಕ್ಕೆ ಬಿಟ್ಟರೆ ಸುಮಾರು 3 ವರ್ಷ, 50ಕ್ಕೆ 6, 40ಕ್ಕೆ 9, 30ಕ್ಕೆ 10 ವರ್ಷ ಆಯುಸ್ಸು ಉಳಿಯುತ್ತದೆ ಎಂದು 2004ರಲ್ಲಿ ತೋರಿಸಿತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರಿಗೆ ಆಯುಸ್ಸಿನ ಮಾತು ಬೇಡ. ನಾಲ್ಕು ವಾರ ಅಥವಾ ಇನ್ನೂ ಮೊದಲೇ ಬಿಟ್ಟರೆ ಗಾಯ ಬೇಗ ಮಾಯುತ್ತದೆ, ಎದೆಯ ಸೋಂಕು ಕಡಿಮೆ ಎಂದರೆ ಸಾಕು. ದಿನ ಹತ್ತಿರ ಬಂದಿದೆ, ಈಗ ಬಿಟ್ಟರೆ ಕಫ ಹೆಚ್ಚಾಗಿ ಅಪಾಯ ಎಂಬ ಹಳೆಯ ಭಯಕ್ಕೆ ಆಧಾರ ಸಿಕ್ಕಿಲ್ಲ. ತೂಕ ಹೆಚ್ಚುತ್ತದೆ ಎಂಬ ಆತಂಕವನ್ನು ಸುಳ್ಳು ಎನ್ನಬೇಡಿ. ವರ್ಷದಲ್ಲಿ ಸರಾಸರಿ 4–5 ಕಿಲೋ ಏರುವುದು ನಿಜ. ಒಪ್ಪಿಕೊಂಡು, ಮೊದಲು ಸಿಗರೇಟು, ಆಮೇಲೆ ತೂಕ ಎನ್ನಿ.

ತರಬೇತಿ ಹೇಗೆ ನಡೆಯಬೇಕು ಎಂಬ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಿದೆ. ಒಂದು ತಂಡಕ್ಕೆ ಹನ್ನೆರಡು ಜನರಿಗಿಂತ ಹೆಚ್ಚು ಬೇಡ. ಮೂವರ ನಾಲ್ಕು ಗುಂಪು ಮಾಡಿ. ಒಬ್ಬರು ರೋಗಿ, ಒಬ್ಬರು ನರ್ಸ್, ಮೂರನೆಯವರ ಕೈಯಲ್ಲಿ ಒಂದು ಪಟ್ಟಿ: 30 ದಿನದ ಪ್ರಶ್ನೆ ಬಂತೇ, ಮೊದಲ ಸಿಗರೇಟಿನ ಹೊತ್ತು ಕೇಳಿದರೇ, ಸಲಹೆಯನ್ನು ಕಾಯಿಲೆಗೆ ಜೋಡಿಸಿದರೇ, ಔಷಧಿ ಹೇಳಿದರೇ, ಮುಂದಿನ ಕರೆಯ ದಿನ ಗೊತ್ತುಮಾಡಿದರೇ. ಯಾರು ಎಷ್ಟು ಹೊತ್ತು ಮಾತಾಡಿದರು ಎಂಬುದನ್ನೂ ಗಡಿಯಾರ ಹಿಡಿದು ಬರೆಯಬೇಕು. ನರ್ಸ್ ಪಾತ್ರದವರೇ ಮುಕ್ಕಾಲು ಪಾಲು ಮಾತಾಡಿದ್ದರೆ ಅದು ಸಮಾಲೋಚನೆಯಲ್ಲ, ಪ್ರವಚನ. ಮೂವರೂ ಮೂರು ಪಾತ್ರ ಮಾಡಲೇಬೇಕು. ರೋಗಿಯಾಗಿ ಕೂತು ಬೈಸಿಕೊಂಡವರಿಗೆ ಬೈಗುಳ ಏಕೆ ಕೆಲಸ ಮಾಡುವುದಿಲ್ಲ ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ. ಒಂದು ಅರ್ಧ ದಿನ ಹೀಗೆ ಕಲಿಸಿ, ಎರಡು ವಾರ ವಾರ್ಡಿನಲ್ಲಿ ಮಾಡಲು ಬಿಟ್ಟು, ಎಲ್ಲಿ ಸಿಕ್ಕಿಕೊಂಡರು ಎಂದು ಕೇಳಲು ಇನ್ನೊಂದು ಅರ್ಧ ದಿನ ಸೇರಿಸಬೇಕು. ಆ ಎರಡನೇ ಅರ್ಧ ದಿನದಲ್ಲೇ ನಿಜವಾದ ಪ್ರಶ್ನೆಗಳು ಬರುತ್ತವೆ. ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರ ಇದ್ದರೆ ಅದನ್ನೂ ಕಲಿಸಿ. 15 ಸೆಕೆಂಡು ಉಸಿರು ಕಟ್ಟಿ, ಆಮೇಲೆ ಎದೆ ಪೂರ್ತಿ ಖಾಲಿಯಾಗುವವರೆಗೆ ನಿಧಾನವಾಗಿ ಊದಿಸಬೇಕು. ಫೂ ಎಂದು ಬಾಯಿಯ ಗಾಳಿ ಊದಿದರೆ ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ಒಂದೆರಡು ದಿನಕ್ಕಿಂತ ಹಿಂದೆ ಸೇದಿದ್ದು ಅದರಲ್ಲಿ ಕಾಣುವುದಿಲ್ಲ, ಜಗಿಯುವ ತಂಬಾಕು ಕಾಣುವುದೇ ಇಲ್ಲ. ಸುಳ್ಳು ಹಿಡಿಯಲು ಅದನ್ನು ಬಳಸಬೇಡಿ. ಇಳಿದ ಸಂಖ್ಯೆಯನ್ನು ರೋಗಿಗೇ ತೋರಿಸಿ ಹುರಿದುಂಬಿಸಲು ಬಳಸಿ.

ಸೇದುವ ಸಿಬ್ಬಂದಿಯನ್ನು ಏನು ಮಾಡುವುದು? ತಾವೇ ಸೇದುವವರು ರೋಗಿಗೆ ಹೇಳಲು ಹಿಂಜರಿಯುತ್ತಾರೆ, ಅದು ಸಹಜ. ಅವರನ್ನು ತರಬೇತಿಯಿಂದ ದೂರ ಇಡಬೇಡಿ, ಎಲ್ಲರೆದುರು ಕೈ ಎತ್ತಿಸಲೂ ಬೇಡಿ. ಇದೇ ಪ್ಯಾಚ್, ಇದೇ ಸಮಾಲೋಚನೆ ಅವರಿಗೆ ಗುಟ್ಟಾಗಿ, ಖರ್ಚಿಲ್ಲದೆ ಸಿಗುವಂತೆ ಮಾಡಿ.

ಎಷ್ಟೇ ಚೆನ್ನಾಗಿ ಕಲಿಸಿದರೂ ಆಸ್ಪತ್ರೆಯ ವ್ಯವಸ್ಥೆ ಬದಲಾಗದಿದ್ದರೆ ಕಲಿತದ್ದು ಆರು ತಿಂಗಳಲ್ಲಿ ಮರೆಯುತ್ತದೆ. ಕೇಸ್ ಶೀಟಿನಲ್ಲಿ ‘ಹೌದು/ಇಲ್ಲ’ ಎಂಬ ಚೌಕದ ಪಕ್ಕ ‘ಮೊದಲ ಸಿಗರೇಟಿನ ಹೊತ್ತು’, ‘ಔಷಧಿ ಕೊಟ್ಟಿದೆಯೇ’, ‘ಕರೆ ಮಾಡುವ ದಿನ’ ಎಂಬ ಮೂರು ಚೌಕ ಸೇರಿಸಿ. ಗಮ್ಮು, ಪ್ಯಾಚ್ ವಾರ್ಡಿನ ಕಪಾಟಿನಲ್ಲೇ ಇರಲಿ. ಬರೆದು, ತರಿಸಿ, ಕೊಡುವಷ್ಟರಲ್ಲಿ ಎರಡನೇ ದಿನ ಕಳೆದಿರುತ್ತದೆ, ಅತಿ ಕಷ್ಟದ ಹೊತ್ತು ಅದೇ. ಬಿಡುಗಡೆ ಚೀಟಿಯಲ್ಲಿ ಉಳಿದ ಮಾತ್ರೆಗಳ ಜೊತೆ ಇದನ್ನೂ ಬರೆಯಿರಿ, ಕನಿಷ್ಠ ಎರಡು ವಾರಕ್ಕಾಗುವಷ್ಟನ್ನು ಕೈಗೆ ಕೊಟ್ಟು ಕಳಿಸಿ. ಆಸ್ಪತ್ರೆಯಲ್ಲಿ ಶುರುವಾದ ಸಮಾಲೋಚನೆ ಮನೆಗೆ ಹೋದ ಮೇಲೆ ಕನಿಷ್ಠ ಒಂದು ತಿಂಗಳು ಮುಂದುವರಿದರೆ ಮಾತ್ರ ಫಲ ಖಚಿತ ಎಂದು ಅಧ್ಯಯನಗಳ ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ವಾರ್ಡಿನಲ್ಲಿ ಲೈಟರ್ ಇಲ್ಲ, ಜೊತೆಗಾರರಿಲ್ಲ, ಊಟವಾದ ಮೇಲಿನ ಆ ಜಗಲಿ ಇಲ್ಲ. ಮನೆಯಲ್ಲಿ ಎಲ್ಲವೂ ಇದೆ. ಯಾರ ನೆರವೂ ಇಲ್ಲದೆ ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಶುರು ಮಾಡುವುದು ಮೊದಲ ಎಂಟು ದಿನದೊಳಗೆ. ಆದ್ದರಿಂದ ಮೊದಲ ಕರೆ ಮನೆಗೆ ಹೋದ ಮೂರನೇ ದಿನಕ್ಕೇ ಹೋಗಬೇಕು, ಆಮೇಲೆ ವಾರಕ್ಕೊಮ್ಮೆ ಒಂದು ತಿಂಗಳು, ನಂತರ ಮೂರನೇ ಮತ್ತು ಆರನೇ ತಿಂಗಳಲ್ಲಿ. ಯಾರು ಮಾಡುತ್ತಾರೆ ಎಂದು ಹೆಸರು ಗೊತ್ತಿರಬೇಕು. ‘ಯಾರಾದರೂ ಮಾಡುತ್ತಾರೆ’ ಎಂದರೆ ಯಾರೂ ಮಾಡುವುದಿಲ್ಲ.

ಆ ಕರೆಯಲ್ಲಿ ‘ಸೇದಿದ್ರಾ?’ ಎಂದು ಶುರು ಮಾಡಬಾರದು. ‘ಹೇಗಿದೀರಿ, ಪ್ಯಾಚ್ ಹೇಗೆ ಅನ್ನಿಸ್ತಿದೆ?’ ಎಂದು ಶುರು ಮಾಡಬೇಕು. ‘ಸಿಸ್ಟರ್, ನಿನ್ನೆ ಒಂದು ಸೇದಿಬಿಟ್ಟೆ’ ಎಂದರೆ, ಫೋನ್ ಎತ್ತಿ ನಿಜ ಹೇಳಿದ್ದಕ್ಕೆ ಮೊದಲು ಮೆಚ್ಚುಗೆ. ಆಮೇಲೆ ಮೂರೇ ಪ್ರಶ್ನೆ: ಎಲ್ಲಿದ್ರಿ, ಯಾರ ಜೊತೆ ಇದ್ರಿ, ಗಮ್ಮು ಜೇಬಿನಲ್ಲಿ ಇತ್ತಾ? ಹೆಚ್ಚಿನ ಸಲ ಗಮ್ಮು ಮನೆಯಲ್ಲೇ ಉಳಿದಿರುತ್ತದೆ. ಪ್ಯಾಚ್ ತೆಗೆಯಬೇಡಿ, ಇವತ್ತಿನಿಂದ ಮತ್ತೆ ಒಂದೂ ಬೇಡ, ಗಮ್ಮು ಅಂಗಿ ಜೇಬಿನಲ್ಲೇ ಇರಲಿ, ಗುರುವಾರ ಇದೇ ಹೊತ್ತಿಗೆ ನಾನೇ ಫೋನ್ ಮಾಡ್ತೀನಿ ಎಂದು ಹೇಳಿ, ಆ ಗುರುವಾರವನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಇಂತಿ,
ತಂಬಾಕು ಬಿಡಿಸುವ ತರಬೇತಿಯಲ್ಲಿ ತೊಡಗಿರುವ ಆರೋಗ್ಯ ಕಾರ್ಯಕರ್ತರು